ಓದುಗರ ಪ್ರಶ್ನೆ: ಚಿನ್ನದ ನೋಟಿನಲ್ಲಿ ಚಿನ್ನವೆಷ್ಟು?

ಕಲಬುರಗಿ, ಬೀದರ್ ಮತ್ತು ಯಾದಗಿರಿ ಜಿಲ್ಲೆಗಳ ಓದುಗರಿಂದ ಬಂದ ಪತ್ರಗಳಲ್ಲಿ ಹಲವು ಈ ಬಾರಿ ಒಂದೇ ವಸ್ತುವನ್ನು ಕುರಿತಾಗಿವೆ. ನೋಟಿನ ಆಕಾರದಲ್ಲಿ, ಬಂಗಾರದ ಹೊಳಪಿನಲ್ಲಿ, ಸಂಗ್ರಹಕಾರರಿಗೆಂದು ಹೇಳಿ ಮಾರಲಾಗುತ್ತಿರುವ ‘ಗೋಲ್ಡ್ ಫಾಯಿಲ್’ ನೋಟುಗಳು ಮದುವೆ, ಗೃಹಪ್ರವೇಶ, ದೀಪಾವಳಿಯ ಉಡುಗೊರೆಗಳಾಗಿ ನಮ್ಮ ಮನೆಗಳನ್ನು ಸೇರುತ್ತಿವೆ. ಅವುಗಳನ್ನು ಕುರಿತ ಪ್ರಶ್ನೆಗಳಿಗೆ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಮೀಸಲಿಟ್ಟಿದ್ದೇವೆ. ಕೇಳಿದವರ ಕೋರಿಕೆಯಂತೆ ಹೆಸರುಗಳನ್ನು ಪ್ರಕಟಿಸಿಲ್ಲ.

ಪ್ರಶ್ನೆ: ನಮ್ಮ ಹೊಸ ಮನೆಯ ಗೃಹಪ್ರವೇಶಕ್ಕೆ ಬಂದ ಕಾಕಾ ಅವರು ಎರಡು ಸಾವಿರ ರೂಪಾಯಿಯ ನೋಟನ್ನೇ ಹೋಲುವ ಬಂಗಾರದ ಬಣ್ಣದ ನೋಟೊಂದನ್ನು ಚೌಕಟ್ಟು ಹಾಕಿಸಿ ಕೊಟ್ಟರು. ‘24 ಕ್ಯಾರೆಟ್, ಶೇ 99.9 ಶುದ್ಧ ಚಿನ್ನ’ ಎಂಬ ಪ್ರಮಾಣಪತ್ರವೂ ಜೊತೆಗಿತ್ತು. ಸರಾಫ್ ಬಜಾರಿನಲ್ಲಿ ಪರಿಚಯದ ಪತ್ತಾರರಿಗೆ ತೋರಿಸಿದಾಗ ಅವರು ಅದನ್ನು ತಕ್ಕಡಿಗೂ ಹಾಕದೆ ಹಿಂದಿರುಗಿಸಿದರು. ಪ್ರಮಾಣಪತ್ರ ಸುಳ್ಳೇ? ಇದರಲ್ಲಿ ಬಂಗಾರ ಇದೆಯೇ, ಇದ್ದರೆ ಎಷ್ಟಿದೆ?
— ಬ್ರಹ್ಮಪುರ, ಕಲಬುರಗಿ

ಉತ್ತರ: ಪ್ರಮಾಣಪತ್ರವನ್ನು ಇನ್ನೊಮ್ಮೆ ನಿಧಾನವಾಗಿ ಓದಿ ನೋಡಿ. ಅದರಲ್ಲಿ ಶುದ್ಧತೆಯ ಮಾತಿದೆ, ತೂಕದ ಮಾತಿಲ್ಲ. ‘24 ಕ್ಯಾರೆಟ್’ ಎಂದರೆ ಅಲ್ಲಿರುವ ಲೋಹದ 24 ಪಾಲಿನಲ್ಲಿ 24 ಪಾಲೂ ಚಿನ್ನವೇ ಎಂದಷ್ಟೇ ಅರ್ಥ. ಆ ಲೋಹ ಒಂದು ತೊಲವಿದೆಯೋ ಒಂದು ಕಣವಿದೆಯೋ ಎಂಬುದನ್ನು ಆ ಸಂಖ್ಯೆ ಹೇಳುವುದಿಲ್ಲ. ಈ ನೋಟುಗಳ ವ್ಯಾಪಾರವೆಲ್ಲ ನಿಂತಿರುವುದು ಈ ಎರಡು ಬೇರೆ ಬೇರೆ ಪ್ರಶ್ನೆಗಳನ್ನು ಕೊಳ್ಳುವವರು ಒಂದೇ ಎಂದು ಭಾವಿಸುವುದರ ಮೇಲೆ. ಬಂಗಾರ ಕೊಳ್ಳುವವರು ‘ಎಷ್ಟು ಶುದ್ಧ’ ಎಂದು ಕೇಳಿದ ಮೇಲೆ ‘ಎಷ್ಟು ತೂಕ’ ಎಂದು ಕೇಳದೆ ಅಂಗಡಿಯ ಮೆಟ್ಟಿಲು ಇಳಿಯುವುದಿಲ್ಲ. ಆದರೆ ಅದೇ ಬಂಗಾರ ನೋಟಿನ ರೂಪದಲ್ಲಿ ಬಂದಾಗ ಎರಡನೆಯ ಪ್ರಶ್ನೆಯನ್ನು ನಾವೇ ಮರೆಯುತ್ತೇವೆ.

ಈಗ ಲೆಕ್ಕ ಹಾಕೋಣ. ರಿಸರ್ವ್ ಬ್ಯಾಂಕಿನ 2,000 ರೂಪಾಯಿ ನೋಟಿನ ಅಳತೆ 166 ಮಿಲಿಮೀಟರ್ ಉದ್ದ, 66 ಮಿಲಿಮೀಟರ್ ಅಗಲ. ಅಂದರೆ ಸುಮಾರು 110 ಚದರ ಸೆಂಟಿಮೀಟರ್. ಇಷ್ಟೇ ದೊಡ್ಡ ಹಾಳೆಯೊಂದನ್ನು 0.1 ಮಿಲಿಮೀಟರ್ ದಪ್ಪದಲ್ಲಿ ಅಪ್ಪಟ ಬಂಗಾರದಿಂದಲೇ ಮಾಡಿದರೆ, ಚಿನ್ನದ ಸಾಂದ್ರತೆ ಪ್ರತಿ ಘನ ಸೆಂಟಿಮೀಟರಿಗೆ 19.3 ಗ್ರಾಂ ಆಗಿರುವುದರಿಂದ, ಅದರ ತೂಕ ಸುಮಾರು 21 ಗ್ರಾಂ ಆಗುತ್ತದೆ. ಎರಡು ತೊಲಕ್ಕೆ ಹತ್ತಿರ ಬರುವ ಇಂಥ ಹಾಳೆಯನ್ನು ಯಾರೂ ಗೃಹಪ್ರವೇಶದಲ್ಲಿ ಹಂಚುವುದಿಲ್ಲ. ಬಡಿದು ಮಾಡಿದ ಚಿನ್ನದ ರೇಕಿನ ದಪ್ಪ ಸುಮಾರು 0.1 ಮೈಕ್ರಾನ್, ಅಂದರೆ ಮೇಲೆ ಹೇಳಿದ ಹಾಳೆಯ ಸಾವಿರದಲ್ಲಿ ಒಂದು ಭಾಗ. ನಿಮ್ಮ ನೋಟಿನ ಒಂದು ಮುಖಕ್ಕೆ ಅಂಥ ರೇಕನ್ನು ಪೂರ್ತಿಯಾಗಿ ಹೊದಿಸಿದ್ದಾರೆ ಎಂದು ಉದಾರವಾಗಿ ಒಪ್ಪಿಕೊಂಡರೂ ಅದರಲ್ಲಿರುವ ಬಂಗಾರ ಸುಮಾರು 21 ಮಿಲಿಗ್ರಾಂ. ಪತ್ತಾರರು ಹಿಂದೆ ತೂಕಕ್ಕೆ ಬಳಸುತ್ತಿದ್ದ ಒಂದು ಗುಲಗಂಜಿಯ ಭಾರ ಸುಮಾರು 120 ಮಿಲಿಗ್ರಾಂ ಎಂಬುದನ್ನು ನೆನೆದರೆ, ನಿಮ್ಮ ಕೈಯಲ್ಲಿರುವುದು ಗುಲಗಂಜಿಯ ಆರನೆಯ ಒಂದು ಪಾಲು. ಗ್ರಾಮಿಗೆ 10,000 ರೂಪಾಯಿ ಎಂದು ಲೆಕ್ಕಕ್ಕಾಗಿ ಹಿಡಿದರೆ ಅದರ ಬೆಲೆ 210 ರೂಪಾಯಿ.

ಇದು ಉದಾರವಾದ ಲೆಕ್ಕ. ಮಾರುಕಟ್ಟೆಯಲ್ಲಿ ಸಿಗುವ ಅಗ್ಗದ ನೋಟುಗಳು ಪ್ಲಾಸ್ಟಿಕ್ ಹಾಳೆಯ ಮೇಲೆ ನಿರ್ವಾತ ಕೋಣೆಯಲ್ಲಿ ಲೋಹದ ಆವಿಯನ್ನು ಕೂರಿಸಿ ತಯಾರಾದವು. ಆ ಪದರ ರೇಕಿಗಿಂತಲೂ ಎಷ್ಟೋ ತೆಳ್ಳಗಿರಬಲ್ಲದು. ಅನೇಕ ನೋಟುಗಳಲ್ಲಿ ಆ ಲೋಹ ಚಿನ್ನವೇ ಅಲ್ಲ, ಹಳದಿ ಮೆರುಗು ಬಳಿದ ಅಲ್ಯೂಮಿನಿಯಂ. ಅಂಥವುಗಳ ಜೊತೆಗೂ ಅದೇ ಬಗೆಯ ಪ್ರಮಾಣಪತ್ರ ಬರುತ್ತದೆ ಎಂಬುದು ನಿಜಕ್ಕೂ ಬೇಸರದ ಸಂಗತಿ, ಏಕೆಂದರೆ ಆ ಕಾಗದದ ಮೇಲೆ ಮುದ್ರೆ, ಸಹಿ, ಹದ್ದಿನ ಚಿತ್ರ ಏನೇ ಇದ್ದರೂ ಅದನ್ನು ಕೊಟ್ಟವರು ನೋಟು ತಯಾರಿಸಿದವರೇ ಹೊರತು ಸ್ವತಂತ್ರವಾದ ಯಾವ ಪರೀಕ್ಷಾ ಕೇಂದ್ರವೂ ಅಲ್ಲ.

ನಮ್ಮ ಭಾಗದ ಮಿಠಾಯಿ ಅಂಗಡಿಗಳಲ್ಲಿ ಬರ್ಫಿಯ ಮೇಲೆ ಅಂಟಿಸುವ ಬೆಳ್ಳಿಯ ವರಖನ್ನು ನೋಡಿ. ಆಹಾರ ಸುರಕ್ಷತಾ ನಿಯಮದ ಪ್ರಕಾರ ಅದರ ಬೆಳ್ಳಿ ಸಾವಿರಕ್ಕೆ 999ರಷ್ಟು ಶುದ್ಧವಾಗಿರಬೇಕು, ಅದರ ತೂಕ ಚದರ ಮೀಟರಿಗೆ 2.8 ಗ್ರಾಂ ಮೀರಬಾರದು. ಶುದ್ಧತೆಯಲ್ಲಿ ಅದು ನಮ್ಮ ಮನೆಯ ಎಷ್ಟೋ ಬೆಳ್ಳಿಯ ಬಟ್ಟಲುಗಳಿಗಿಂತ ಮೇಲು. ಹಾಗೆಂದು ಬರ್ಫಿಯನ್ನು ಬೆಳ್ಳಿಯ ದರದಲ್ಲಿ ಕೊಳ್ಳುವವರಾಗಲಿ, ವರಖನ್ನು ಕೆರೆದು ಸರಾಫರಿಗೆ ಮಾರುವವರಾಗಲಿ ಇಲ್ಲ. ನಿಮ್ಮ ನೋಟಿನ ಬಂಗಾರವೂ ಅದೇ ಜಾತಿಗೆ ಸೇರಿದ್ದು.

ಪತ್ತಾರರು ತಕ್ಕಡಿಗೆ ಹಾಕದಿದ್ದುದಕ್ಕೆ ಕಾರಣ ಇದೇ. ತೂಗಿದರೆ ತೂಗುವುದು ಪ್ಲಾಸ್ಟಿಕ್ಕು. ಒರೆಗಲ್ಲಿಗೆ ಉಜ್ಜಿದರೆ ಗೆರೆ ಬೀಳುವ ಮೊದಲೇ ಪದರ ಹರಿಯುತ್ತದೆ. ಪದರವನ್ನು ಆಮ್ಲದಲ್ಲಿ ಕರಗಿಸಿ ಚಿನ್ನ ತೆಗೆಯುವ ಖರ್ಚು ಸಿಗುವ ಚಿನ್ನಕ್ಕಿಂತ ಹೆಚ್ಚು. ಕೆಲವು ಓದುಗರು ಒಡವೆ ಅಂಗಡಿಯ ಎಕ್ಸ್-ರೇ ಯಂತ್ರದಲ್ಲಿ ಇಡಿಸಿದಾಗ ಹೆಚ್ಚಿನ ಶುದ್ಧತೆ ತೋರಿಸಿತು ಎಂದು ಬರೆದಿದ್ದಾರೆ. ಅದರಿಂದಲೂ ಹಿಗ್ಗಬೇಕಾಗಿಲ್ಲ. ಆ ಯಂತ್ರ ಲೋಹಗಳನ್ನಷ್ಟೇ ಗುರುತಿಸಿ ಅವುಗಳ ಪ್ರಮಾಣವನ್ನು ನೂರಕ್ಕೆ ಹೊಂದಿಸುತ್ತದೆ. ಪ್ಲಾಸ್ಟಿಕ್ಕಿನಲ್ಲಿರುವ ಇಂಗಾಲ, ಜಲಜನಕಗಳು ಅದರ ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದ ತೆಳುವಾದ ಚಿನ್ನದ ಲೇಪವುಳ್ಳ ಪ್ಲಾಸ್ಟಿಕ್ಕೂ ಅದರ ಪರದೆಯ ಮೇಲೆ ಅಪರಂಜಿಯಾಗಿ ಕಾಣಬಹುದು.

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆಯಿದೆ. ನೋಟನ್ನು ಚೌಕಟ್ಟಿನಿಂದ ತೆಗೆದು, ಮುದ್ರಣದ ಬಣ್ಣವಿಲ್ಲದ ಜಾಗವನ್ನು ಪ್ರಖರವಾದ ಬಲ್ಬಿನ ಎದುರು ಹಿಡಿದು ನೋಡಿ. ನಿಜವಾದ ಚಿನ್ನದ ಅತಿ ತೆಳುವಾದ ಪದರದ ಮೂಲಕ ತೂರಿ ಬರುವ ಬೆಳಕು ಹಳದಿಯಾಗಿರುವುದಿಲ್ಲ, ಹಸಿರು ಬೆರೆತ ನೀಲಿಯಾಗಿರುತ್ತದೆ. ಮೇಲಿನಿಂದ ನೋಡಿದಾಗ ಹಳದಿ, ಬೆಳಕಿಗೆ ಹಿಡಿದಾಗ ಹಸಿರು. ಇದು ಈ ಲೋಹದ ಗುಣ. ಬೆಳಕು ಹಳದಿಯಾಗಿ ಅಥವಾ ಬೂದುಬಣ್ಣದಲ್ಲಿ ಬಂದರೆ ಅದು ಬಣ್ಣ ಬಳಿದ ಅಲ್ಯೂಮಿನಿಯಂ ಇರುವ ಸಂಭವ ಹೆಚ್ಚು. ಹಾಳೆ ದಪ್ಪವಾಗಿದ್ದು ಬೆಳಕೇ ತೂರದಿದ್ದರೆ ಈ ಪರೀಕ್ಷೆಯಿಂದ ಏನನ್ನೂ ನಿರ್ಧರಿಸಲಾಗದು. ಹಸಿರು ಕಂಡಿತೆಂದರೆ ಚಿನ್ನ ಇದೆ ಎಂದಾಯಿತು, ಆದರೆ ಅದು ಬೆಳಕು ತೂರುವಷ್ಟು ತೆಳುವಾಗಿದೆ ಎಂಬುದೂ ಅದೇ ನೋಟದಲ್ಲಿ ಗೊತ್ತಾಯಿತು.

ಕಾಕಾ ಅವರ ಪ್ರೀತಿಗೆ ಈ ಲೆಕ್ಕ ಯಾವ ಕುಂದನ್ನೂ ತರುವುದಿಲ್ಲ. ಗೋಡೆಗೆ ಹಾಕಿಕೊಳ್ಳಿ, ಚೆನ್ನಾಗಿ ಕಾಣುತ್ತದೆ. ಅವರು ಅದಕ್ಕೆ ಸಾವಿರಗಟ್ಟಲೆ ಹಣ ಕೊಟ್ಟಿದ್ದರೆ ಮಾತ್ರ, ಇನ್ನೊಂದು ಮನೆಯ ಸಮಾರಂಭಕ್ಕೂ ಅವರು ಅದನ್ನೇ ಕೊಳ್ಳುವ ಮೊದಲು ನಿಜವನ್ನು ಮೆಲ್ಲಗೆ ತಿಳಿಸುವುದು ಮನೆಯವರ ಕರ್ತವ್ಯ.

ಪ್ರಶ್ನೆ: ಜಿಂಬಾಬ್ವೆಯ 100 ಟ್ರಿಲಿಯನ್ ಡಾಲರಿನ ಚಿನ್ನದ ನೋಟುಗಳ ಹತ್ತು ಪ್ರತಿಗಳ ಕಟ್ಟೊಂದನ್ನು ಕೊಂಡಿದ್ದೇನೆ. ಇದು ಸ್ಮರಣಾರ್ಥ ಆವೃತ್ತಿ, ಸೀಮಿತ ಸಂಖ್ಯೆಯಲ್ಲಿ ಮುದ್ರಿಸಿದ್ದಾರೆ, ಕೆಲವು ವರ್ಷ ಇಟ್ಟರೆ ಬೆಲೆ ಹಲವು ಪಟ್ಟು ಏರುತ್ತದೆ ಎಂದು ಮಾರಿದವರು ಹೇಳಿದರು. ಮಗಳ ಓದಿಗೆಂದು ಕೂಡಿಟ್ಟ ಹಣದಲ್ಲಿ ಸ್ವಲ್ಪವನ್ನು ಇದಕ್ಕೆ ಹಾಕಿದ್ದೇನೆ. ಇನ್ನಷ್ಟು ಕೊಳ್ಳಬಹುದೇ?
— ಹುಮನಾಬಾದ್, ಬೀದರ್ ಜಿಲ್ಲೆ

ಉತ್ತರ: ದಯವಿಟ್ಟು ಇನ್ನು ಒಂದನ್ನೂ ಕೊಳ್ಳಬೇಡಿ.

ಜಿಂಬಾಬ್ವೆಯಲ್ಲಿ ಹಣದುಬ್ಬರ ಕೈಮೀರಿದಾಗ ಅಲ್ಲಿನ ರಿಸರ್ವ್ ಬ್ಯಾಂಕು 2009ರ ಜನವರಿಯಲ್ಲಿ 100 ಟ್ರಿಲಿಯನ್ ಡಾಲರಿನ ನೋಟನ್ನು ಹೊರತಂದದ್ದು ನಿಜ. ಒಂದರ ಮುಂದೆ 14 ಸೊನ್ನೆಗಳಿದ್ದ ಆ ನೋಟು ಕಾಗದದ್ದು. ಮುಂಭಾಗದಲ್ಲಿ ಒಂದರ ಮೇಲೊಂದು ನಿಂತ ಬಂಡೆಗಳು, ಹಿಂಭಾಗದಲ್ಲಿ ವಿಕ್ಟೋರಿಯಾ ಜಲಪಾತ ಮತ್ತು ಕಾಡೆಮ್ಮೆ, ಮುದ್ರಿತ ವರ್ಷ 2008. ಅದೇ 2009ರಲ್ಲಿ ಆ ದೇಶ ತನ್ನ ಡಾಲರನ್ನು ಕೈಬಿಟ್ಟು ವಿದೇಶಿ ಹಣದಲ್ಲಿ ವ್ಯವಹಾರ ನಡೆಸತೊಡಗಿತು. 2015ರಲ್ಲಿ ಹಳೆಯ ಹಣವನ್ನು ಅಧಿಕೃತವಾಗಿ ರದ್ದುಪಡಿಸಿದಾಗ ನಿಗದಿಯಾದ ದರ ಒಂದು ಅಮೆರಿಕನ್ ಡಾಲರಿಗೆ 35 ಕ್ವಾಡ್ರಿಲಿಯನ್ (ಒಂದು ಕ್ವಾಡ್ರಿಲಿಯನ್ ಅಂದರೆ ಸಾವಿರ ಟ್ರಿಲಿಯನ್). ಎಂದರೆ 100 ಟ್ರಿಲಿಯನ್ನಿನ 350 ನೋಟುಗಳಿಗೆ ಒಂದು ಡಾಲರು. ಆಮೇಲೆ ಜಗತ್ತಿನಾದ್ಯಂತ ಸಂಗ್ರಹಕಾರರು ಆ ಕಾಗದದ ನೋಟುಗಳನ್ನು ಹುಡುಕಿ ಕೊಂಡರು, ಅವುಗಳ ಬೆಲೆ ಏರಿತು. ನಿಮಗೆ ಮಾರಿದವರು ಹೇಳುವ ಕಥೆ ಆ ಕಾಗದದ ನೋಟಿನದು. ನಿಮ್ಮ ಕೈಗಿತ್ತದ್ದು ಅದರ ಚಿತ್ರವನ್ನು ಹೊತ್ತ ಪ್ಲಾಸ್ಟಿಕ್ ಹಾಳೆ. ಹಣ ರದ್ದಾದ ದೇಶವೊಂದರ ಬ್ಯಾಂಕು ಅದನ್ನು ಮುದ್ರಿಸಿಲ್ಲ, ಅದಕ್ಕೆ ಹೊಣೆಯನ್ನೂ ಹೊತ್ತಿಲ್ಲ.

ನಿಮ್ಮ ಹತ್ತು ನೋಟುಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿ ಕ್ರಮಸಂಖ್ಯೆಗಳನ್ನು ಓದಿ. ಇಂಥ ಕಟ್ಟುಗಳಲ್ಲಿ ಹತ್ತಕ್ಕೆ ಹತ್ತರ ಮೇಲೂ ಒಂದೇ ಸಂಖ್ಯೆ ಅಚ್ಚಾಗಿರುವುದು ಸಾಮಾನ್ಯ. ನಿಜವಾದ ನೋಟಿನಲ್ಲಿ ಪ್ರತಿ ಹಾಳೆಗೂ ಬೇರೆ ಸಂಖ್ಯೆಯಿರುತ್ತದೆ, ಏಕೆಂದರೆ ಹೊರಡಿಸಿದವರು ಒಂದೊಂದು ಹಾಳೆಗೂ ಲೆಕ್ಕ ಕೊಡಬೇಕು. ಒಂದೇ ಅಚ್ಚಿನಿಂದ ಎಷ್ಟು ಬೇಕಾದರೂ ಒತ್ತಬಹುದಾದ ವಸ್ತುವಿಗೆ ‘ಸೀಮಿತ ಆವೃತ್ತಿ’ ಎಂಬ ಮಾತು ಹೊಂದುವುದಿಲ್ಲ. ಸಂಗ್ರಹಯೋಗ್ಯ ವಸ್ತುವಿಗೆ ಬೆಲೆ ಬರುವುದು ಅದು ಎಷ್ಟು ಪ್ರತಿಗಳಲ್ಲಿ, ಯಾರಿಂದ, ಯಾವಾಗ ಹೊರಬಂತು ಎಂಬ ದಾಖಲೆ ಇರುವಾಗ, ಮುಂದೆ ಅದು ಮತ್ತೆ ಹುಟ್ಟಲಾರದು ಎಂಬ ಭರವಸೆ ಇರುವಾಗ. ಇಲ್ಲಿ ಎರಡೂ ಇಲ್ಲ.

ನಿಜವಾದ ಸ್ಮರಣಾರ್ಥ ನೋಟು ಹೇಗಿರುತ್ತದೆ ಎಂಬುದಕ್ಕೆ ನಮ್ಮ ದೇಶದ್ದೇ ಉದಾಹರಣೆಯಿದೆ. 1969ರಲ್ಲಿ ಗಾಂಧೀಜಿಯವರ ಜನ್ಮಶತಾಬ್ದಿಯ ನೆನಪಿಗೆ ಹೊರಬಂದ ನೋಟುಗಳಲ್ಲಿ ಅವರು ಸೇವಾಗ್ರಾಮದ ಹಿನ್ನೆಲೆಯಲ್ಲಿ ಕುಳಿತು ಓದುತ್ತಿರುವ ಚಿತ್ರವಿತ್ತು. ಅವು ಚಲಾವಣೆಗೆ ಬಂದ ನೋಟುಗಳು. ಜನ ಅವುಗಳಿಂದ ಜೋಳ ಕೊಂಡರು, ಬಸ್ಸಿನ ಟಿಕೆಟು ಕೊಂಡರು, ಉಳಿದವು ಸಂಗ್ರಹಕಾರರ ಪುಸ್ತಕ ಸೇರಿದವು. ಮೊದಲು ಹಣವಾಗಿ ಬಾಳಿ ಆಮೇಲೆ ಸಂಗ್ರಹದ ವಸ್ತುವಾದವಕ್ಕೂ, ಹುಟ್ಟುವಾಗಲೇ ಮಾರಾಟಕ್ಕೆಂದು ಹುಟ್ಟಿದವಕ್ಕೂ ಬಹಳ ವ್ಯತ್ಯಾಸವಿದೆ.

ಕಟ್ಟನ್ನು ಮಾರಿದವರಿಗೇ ಹಿಂದಿರುಗಿಸಲು ಪ್ರಯತ್ನಿಸಿ. ‘ಬೆಲೆ ಅಷ್ಟು ಏರುವುದಾದರೆ ಕೊಂಡ ಬೆಲೆಗೆ ನೀವೇ ವಾಪಸು ತೆಗೆದುಕೊಳ್ಳಿ’ ಎಂದು ಕೇಳಿದಾಗ ಅವರು ಕೊಡುವ ಉತ್ತರ ನಿಮಗೆ ಉಳಿದದ್ದನ್ನು ತಿಳಿಸುತ್ತದೆ. ಮಗಳ ಓದಿನ ಹಣಕ್ಕೆ ಅಂಚೆ ಕಚೇರಿಯ ಸುಕನ್ಯಾ ಸಮೃದ್ಧಿ ಖಾತೆಯಂಥ ದಾರಿಗಳಿವೆ. ಮಗಳಿಗೆ ಹತ್ತು ವರ್ಷ ತುಂಬುವ ಮೊದಲು ಅದನ್ನು ತೆರೆಯಬಹುದು.

ಪ್ರಶ್ನೆ: ನಮ್ಮ ಮನೆತನದಲ್ಲಿ ಹಿಂದೆ ಚಿತ್ರ ಬರೆಯುವವರಿದ್ದರು, ಚಿನ್ನದ ರೇಕಿನ ಬಗ್ಗೆ ನನಗೆ ಗೌರವವಿದೆ. ನಿಜವಾಗಿ ಬಂಗಾರ ಇರುವ ನೋಟು ಜಗತ್ತಿನಲ್ಲಿ ಎಲ್ಲಿಯೂ ಇಲ್ಲವೇ?
— ಸುರಪುರ, ಯಾದಗಿರಿ ಜಿಲ್ಲೆ

ಉತ್ತರ: ಇದೆ. ಅಮೆರಿಕದ ಯೂಟಾ ರಾಜ್ಯದಲ್ಲಿ 2019ರಿಂದ ‘ಗೋಲ್ಡ್‌ಬ್ಯಾಕ್’ ಎಂಬ ಹಾಳೆಗಳನ್ನು ಖಾಸಗಿ ಕಂಪನಿಯೊಂದು ಹೊರತರುತ್ತಿದೆ. ಪ್ಲಾಸ್ಟಿಕ್ ಪದರಗಳ ನಡುವೆ ಚಿನ್ನದ ಪದರವನ್ನು ಕೂರಿಸಿದ ಈ ಹಾಳೆಗಳಲ್ಲಿ ಒಂದರ ಮುಖಬೆಲೆಯ ಹಾಳೆಯಲ್ಲಿ ಒಂದು ಟ್ರಾಯ್ ಔನ್ಸಿನ (ಚಿನ್ನ ತೂಗುವ ವಿದೇಶಿ ಅಳತೆ) ಸಾವಿರದಲ್ಲಿ ಒಂದು ಭಾಗ, ಅಂದರೆ ಸುಮಾರು 31 ಮಿಲಿಗ್ರಾಂ ಚಿನ್ನವಿದೆ. ಮುಖಬೆಲೆ ಹೆಚ್ಚಿದಂತೆ ಚಿನ್ನವೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ. ಎಷ್ಟು ಚಿನ್ನವಿದೆ ಎಂಬುದನ್ನು ಹಾಳೆಯ ಮೇಲೆಯೇ ಬರೆದಿರುವುದು ಅದರ ಪ್ರಾಮಾಣಿಕತೆ. ಆದರೂ ಅದು ಅಮೆರಿಕ ಸರ್ಕಾರದ ಹಣವಲ್ಲ, ಒಳಗಿರುವ ಚಿನ್ನದ ಬೆಲೆಯ ಸುಮಾರು ಎರಡು ಪಟ್ಟಿಗೆ ಮಾರಾಟವಾಗುತ್ತದೆ. ಚಿನ್ನವನ್ನು ಅಷ್ಟು ತೆಳುವಾಗಿ, ಅಳತೆ ತಪ್ಪದಂತೆ ಕೂರಿಸುವ ಕೆಲಸಕ್ಕೆ ಖರ್ಚು ಬಹಳ.

ನಿಮ್ಮ ಸುರಪುರದ ಗರುಡಾದ್ರಿ ಶೈಲಿಯ ಚಿತ್ರಗಳಲ್ಲಿ ದೇವರ ಕಿರೀಟಕ್ಕೂ ಪ್ರಭಾವಳಿಗೂ ರೇಕು ಕೂರಿಸಿದ ಕಲಾವಿದರು ಅದನ್ನು ತೂಕದ ಲೆಕ್ಕದಲ್ಲಿ ಮಾರಲಿಲ್ಲ. ಚಿತ್ರದ ಬೆಲೆ ಕೈಚಳಕದ್ದು, ಭಕ್ತಿಯದು, ಕಾಲದ್ದು. ಚಿನ್ನ ಅಲ್ಲಿ ಬೆಳಕಿಗಾಗಿ ಬಂದದ್ದು. ರೇಕನ್ನು ಹಾಗೆ ಗೌರವಿಸಿದ ಮನೆತನದವರಿಗೆ ಅಚ್ಚಿನ ಪ್ಲಾಸ್ಟಿಕ್ ನೋಟು ಸಪ್ಪೆ ಎನಿಸಿದರೆ ಅದು ಸಹಜವೇ ಎಂದು ನಮಗನ್ನಿಸುತ್ತದೆ.

ಉಡುಗೊರೆಗೆ ಬಂಗಾರವೇ ಬೇಕೆಂದಾದರೆ ಚಿಕ್ಕದಾದರೂ ತೂಕ ಬರೆದಿರುವುದನ್ನು ಕೊಳ್ಳಿ. 2015ರಲ್ಲಿ ಕೇಂದ್ರ ಸರ್ಕಾರ ಅಶೋಕ ಚಕ್ರದ ಗುರುತುಳ್ಳ 24 ಕ್ಯಾರೆಟ್ಟಿನ ಚಿನ್ನದ ನಾಣ್ಯವನ್ನು ಸರ್ಕಾರಿ ವ್ಯಾಪಾರ ಸಂಸ್ಥೆಯಾದ ಎಂಎಂಟಿಸಿ ಮೂಲಕ 5 ಮತ್ತು 10 ಗ್ರಾಂ ತೂಕದಲ್ಲಿ ಬಿಡುಗಡೆ ಮಾಡಿತು. ಒಡವೆಯಾದರೆ ಭಾರತೀಯ ಮಾನಕ ಸಂಸ್ಥೆಯ (ಬಿಐಎಸ್) ಗುರುತು, ಶುದ್ಧತೆಯ ಸಂಖ್ಯೆ, ಒಡವೆಗೊಂದರಂತೆ ಕೊಡುವ ಆರು ಅಕ್ಷರ-ಅಂಕಿಗಳ ಗುರುತಿನ ಸಂಖ್ಯೆಯಾದ ಎಚ್‌ಯುಐಡಿ ಮೂರೂ ಇರಬೇಕು. 2023ರ ಏಪ್ರಿಲ್ 1ರಿಂದ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಇದಿಲ್ಲದ ಚಿನ್ನದ ಒಡವೆಯ ಮಾರಾಟಕ್ಕೆ ಅವಕಾಶವಿಲ್ಲ. ಆ ಸಂಖ್ಯೆಯನ್ನು ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ನೀವೇ ಪರಿಶೀಲಿಸಬಹುದು. ಗೋಲ್ಡ್ ಫಾಯಿಲ್ ನೋಟಿನ ಮೇಲೆ ಇಂಥ ಗುರುತು ಹುಡುಕಿದರೆ ಸಿಗುವುದಿಲ್ಲ.

ಪ್ರಶ್ನೆ: ದೀಪಾವಳಿಯ ಲಕ್ಷ್ಮೀ ಪೂಜೆಗೆ ನಮ್ಮ ಕಿರಾಣಿ ಅಂಗಡಿಯ ಗಲ್ಲಾದಲ್ಲಿ 500 ಮತ್ತು 2,000 ರೂಪಾಯಿಯ ಚಿನ್ನದ ನೋಟುಗಳನ್ನು ಇಟ್ಟಿದ್ದೇವೆ. ನೋಟಿನ ನಕಲು ಇಟ್ಟುಕೊಳ್ಳುವುದು ಅಪರಾಧ ಎಂದು ಗಿರಾಕಿಯೊಬ್ಬರು ಹೆದರಿಸಿದರು. ಹೌದೇ?
— ಬಸವಕಲ್ಯಾಣ, ಬೀದರ್ ಜಿಲ್ಲೆ

ಉತ್ತರ: ಭಾರತದಲ್ಲಿ ಒಂದು ರೂಪಾಯಿಯದನ್ನು ಬಿಟ್ಟು ಉಳಿದ ನೋಟು ಹೊರಡಿಸುವ ಹಕ್ಕು 1934ರ ಕಾಯ್ದೆಯ ಪ್ರಕಾರ ರಿಸರ್ವ್ ಬ್ಯಾಂಕಿಗೆ ಮಾತ್ರ ಸೇರಿದ್ದು, ಮತ್ತು ಅದು ಚಿನ್ನದ ಯಾವ ನೋಟನ್ನೂ ಹೊರಡಿಸಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 182ನೆಯ ಕಲಮು ನೋಟನ್ನು ಹೋಲುವ, ಅಥವಾ ಮೋಸಗೊಳಿಸುವಷ್ಟು ಹೋಲುವ ಹಾಳೆಗಳನ್ನು ತಯಾರಿಸುವುದನ್ನೂ ಬಳಸುವುದನ್ನೂ ಇನ್ನೊಬ್ಬರಿಗೆ ಕೊಡುವುದನ್ನೂ ದಂಡನೀಯವೆನ್ನುತ್ತದೆ. ನಕಲಿ ನೋಟನ್ನು ಅಸಲಿ ಎಂದು ಚಲಾಯಿಸುವುದು ಇದಕ್ಕಿಂತ ಬಹಳ ಗಂಭೀರವಾದ, ಬೇರೆಯೇ ಅಪರಾಧ. ಪೂಜೆಯ ಮಣೆಯ ಮೇಲೆ ಹೊಳೆಯುವ ಹಳದಿ ಪ್ಲಾಸ್ಟಿಕ್ ಹಾಳೆಯನ್ನು ಯಾರೂ ಅಸಲಿ ಎಂದು ತಿಳಿಯಲಾರರು, ಹಾಗಾಗಿ ನಕಲಿ ನೋಟು ಚಲಾಯಿಸಿದ ಆರೋಪ ಬರುವುದೆಂದು ನೀವು ಗಾಬರಿಯಾಗುವ ಅಗತ್ಯವಿಲ್ಲ. ಆದರೆ ವ್ಯಾಪಾರದ ಗಲ್ಲಾದಲ್ಲಿ ಅಸಲಿ ನೋಟುಗಳ ಜೊತೆ ಅವುಗಳನ್ನು ಬೆರೆಸಿಡುವುದು ಬೇಡ. ಚಿಲ್ಲರೆಯ ಜೊತೆ ತಪ್ಪಿ ಗಿರಾಕಿಯ ಕೈಗೆ ಹೋದರೆ ಜಗಳಕ್ಕೆ ದಾರಿಯಾಗುತ್ತದೆ. ರಿಸರ್ವ್ ಬ್ಯಾಂಕಿನ ನೋಟಿನ ಪಡಿಯಚ್ಚಿನ ಬದಲು ಲಕ್ಷ್ಮಿಯ ಚಿತ್ರವಷ್ಟೇ ಇರುವ ಹಾಳೆಯನ್ನು ಪೂಜೆಗಿಡುವುದು ಎಲ್ಲ ದೃಷ್ಟಿಯಿಂದಲೂ ಉತ್ತಮ.

ಪ್ರಶ್ನೆ: ನಮ್ಮ ಅಜ್ಜನವರ ಕಾಲದ ಟ್ರಂಕಿನಲ್ಲಿ ನಿಜಾಮರ ಕಾಲದ ಕೆಲವು ಕಾಗದದ ನೋಟುಗಳು ಸಿಕ್ಕಿವೆ, ಅವುಗಳ ಮೇಲೆ ಕನ್ನಡ ಅಕ್ಷರಗಳೂ ಇವೆ. ನಗರದಿಂದ ಬಂದ ವ್ಯಾಪಾರಿಯೊಬ್ಬರು ಇವು ಹರಿದ ಹಳೆಯ ಕಾಗದ, ಇವುಗಳ ಬದಲು ಏಳು ಚಿನ್ನದ ನೋಟುಗಳ ಸೆಟ್ ಕೊಡುತ್ತೇನೆ ಎಂದರು. ಇನ್ನೊಬ್ಬರು ಫೋನಿನಲ್ಲಿ ಲಕ್ಷಗಟ್ಟಲೆ ಕೊಡುತ್ತೇವೆ, ಮೊದಲು ರಿಸರ್ವ್ ಬ್ಯಾಂಕಿನ ತೆರಿಗೆ ಕಟ್ಟಿ ಎನ್ನುತ್ತಿದ್ದಾರೆ. ಅವ್ವ ಚಿನ್ನದ ಸೆಟ್ಟನ್ನೇ ತೆಗೆದುಕೋ ಎನ್ನುತ್ತಾರೆ. ಏನು ಮಾಡಲಿ?
— ಸೇಡಂ, ಕಲಬುರಗಿ ಜಿಲ್ಲೆ

ಉತ್ತರ: ನಿಮ್ಮ ಅವ್ವನವರಿಗೆ ನಮ್ಮ ನಮಸ್ಕಾರ ತಿಳಿಸಿ, ಆ ಟ್ರಂಕಿನ ಬೀಗದ ಕೈಯನ್ನು ಅವರ ಸೆರಗಿಗೇ ಕಟ್ಟಿಕೊಳ್ಳಲು ಹೇಳಿ. ಈ ಅಂಕಣಕ್ಕೆ ಬಂದ ಪ್ರಶ್ನೆಗಳಲ್ಲಿ ನಮ್ಮನ್ನು ಹೆಚ್ಚು ಕಳವಳಕ್ಕೀಡುಮಾಡಿದ್ದು ನಿಮ್ಮದು, ಏಕೆಂದರೆ ನಿಜವಾದ ಸಂಗ್ರಹದ ವಸ್ತುವೊಂದನ್ನು ಕೊಟ್ಟು ಅದರ ವೇಷ ಹಾಕಿದ್ದನ್ನು ಕೊಂಡುಕೊಳ್ಳುವ ವ್ಯಾಪಾರ ಇದು.

ಹೈದರಾಬಾದ್ ಸಂಸ್ಥಾನ ತನ್ನದೇ ಕಾಗದದ ಹಣವನ್ನು ಹೊರಡಿಸಿದ್ದು 1918ರ ಕಾಯ್ದೆಯ ಮೇರೆಗೆ. ಮೊದಲ ಮಹಾಯುದ್ಧದ ಕಾಲದಲ್ಲಿ ಬೆಳ್ಳಿ ದುರ್ಲಭವಾದದ್ದು ಅದಕ್ಕೆ ಕಾರಣ. ಉಸ್ಮಾನಿಯಾ ಸಿಕ್ಕಾ ಎಂದು ಕರೆಯಲಾದ ಆ ಹಣವನ್ನು ನಮ್ಮ ಹಿರಿಯರು ‘ಹಾಲಿ’ ಎಂದೂ ಬ್ರಿಟಿಷ್ ಭಾರತದ ರೂಪಾಯಿಯನ್ನು ‘ಕಲ್ದಾರ’ ಎಂದೂ ಹೇಳುತ್ತಿದ್ದರು. ಏಳು ಹಾಲಿ ರೂಪಾಯಿಗೆ ಆರು ಕಲ್ದಾರ ರೂಪಾಯಿ ಎಂಬ ಲೆಕ್ಕ ಸಂತೆಗೆ ಹೋಗುವವರಿಗೆಲ್ಲ ಬಾಯಿಪಾಠವಾಗಿತ್ತು. ಉರ್ದುವಿನ ಜೊತೆಗೆ ಕನ್ನಡ, ತೆಲುಗು, ಮರಾಠಿಗಳಲ್ಲಿ ಮೊತ್ತವನ್ನು ಬರೆದ ಆ ನೋಟುಗಳು ಮೂರು ಭಾಷೆಯ ಸೀಮೆಗಳು ಕೂಡಿದ್ದ ಒಂದು ನಾಡಿನ ದಾಖಲೆ. 1948ರಲ್ಲಿ ಸಂಸ್ಥಾನ ಭಾರತಕ್ಕೆ ಸೇರಿದ ಮೇಲೂ ಈ ಹಣ ಕೆಲಕಾಲ ನಡೆಯಿತು. 1950ರ ದಶಕದ ಆರಂಭದಲ್ಲಿ ಹೊಸ ನೋಟುಗಳ ಮುದ್ರಣ ನಿಂತು, 1959ರಲ್ಲಿ ಅದು ಚಲಾವಣೆಯಿಂದ ಪೂರ್ತಿಯಾಗಿ ಹೊರಬಿತ್ತು. ಅದು ಮತ್ತೆ ಮುದ್ರಣವಾಗುವುದಿಲ್ಲ. ನಿಮ್ಮ ಅಜ್ಜನವರ ಕೈಯಲ್ಲಿ ಮಡಿಕೆಯಾಗಿ, ಅಂಚು ಸವೆದು ಉಳಿದ ಆ ಕಾಗದದ ಹಿಂದೆ ಹೊರಡಿಸಿದ ಸರ್ಕಾರವಿತ್ತು, ಕ್ರಮಸಂಖ್ಯೆಯಿತ್ತು, ಅದನ್ನು ದುಡಿದು ಗಳಿಸಿದವರಿದ್ದರು. ಏಳು ಚಿನ್ನದ ಹಾಳೆಗಳಲ್ಲಿ ಈ ಮೂರೂ ಇಲ್ಲ.

ಮಾರಲೇಬೇಕೆಂದಿಲ್ಲ, ಮಾರುವುದಾದರೂ ಅವಸರ ಬೇಡ. ಮುಖಬೆಲೆ, ಸಹಿ, ಕಾಗದದ ಸ್ಥಿತಿ ಇವುಗಳ ಮೇಲೆ ಒಂದೊಂದು ನೋಟಿನ ಬೆಲೆ ಬೇರೆಯಾಗುತ್ತದೆ. ದೊಡ್ಡ ಊರುಗಳಲ್ಲಿ ನಾಣ್ಯಸಂಗ್ರಾಹಕರ ಸಂಘಗಳು ನಡೆಸುವ ಪ್ರದರ್ಶನಗಳಿಗೆ ಒಯ್ದು, ಒಬ್ಬರಿಗಲ್ಲದೆ ಹಲವರಿಗೆ ತೋರಿಸಿ, ಈ ನೋಟುಗಳು ಹರಾಜಿನಲ್ಲಿ ಯಾವ ಬೆಲೆಗೆ ಹೋಗುತ್ತಿವೆ ಎಂದು ವಿಚಾರಿಸಿ. ಅಲ್ಲಿಯವರೆಗೆ ಅವುಗಳನ್ನು ಇಸ್ತ್ರಿ ಮಾಡಬೇಡಿ, ತೊಳೆಯಬೇಡಿ, ಹರಿದಲ್ಲಿ ಸೆಲ್ಲೋ ಟೇಪು ಅಂಟಿಸಬೇಡಿ, ಲ್ಯಾಮಿನೇಷನ್ ಅಂತೂ ಮಾಡಿಸಲೇಬೇಡಿ. ಲ್ಯಾಮಿನೇಷನ್ ಆದ ನೋಟು ಸಂಗ್ರಹಕಾರರ ಪಾಲಿಗೆ ಬಹುಮಟ್ಟಿಗೆ ಹಾಳಾದಂತೆ. ಅಗ್ಗದ ಪಿವಿಸಿ ಕವರುಗಳಿಂದ ಹೊರಬರುವ ರಾಸಾಯನಿಕ ಕಾಗದವನ್ನು ಕೆಡಿಸುತ್ತದೆ, ಆದ್ದರಿಂದ ಪಾಲಿಯೆಸ್ಟರ್ ಕವರು ತರಿಸಿ. ನಮ್ಮ ಕಡೆಯ ಬೇಸಿಗೆಯಲ್ಲಿ ತಗಡಿನ ಟ್ರಂಕು ಕಾದ ಒಲೆಯಾಗುತ್ತದೆ, ಮಳೆಗಾಲದಲ್ಲಿ ಗೆದ್ದಲಿನ ಭಯ. ಗೋಡೆಯಿಂದ ದೂರವಿರುವ ಕಪಾಟಿನ ನಡುವಿನ ಅರೆ ಒಳ್ಳೆಯ ಜಾಗ.

ಇನ್ನು ಫೋನಿನವರ ಮಾತು. ಹಳೆಯ ನೋಟು ಮತ್ತು ನಾಣ್ಯಗಳ ಕೊಳ್ಳುವಿಕೆ, ಮಾರಾಟಕ್ಕೆ ತನ್ನ ಹೆಸರು ಹೇಳಿಕೊಂಡು ಶುಲ್ಕ, ಕಮಿಷನ್, ತೆರಿಗೆ ವಸೂಲು ಮಾಡುವವರಿದ್ದಾರೆ, ತಾನು ಅಂಥ ವ್ಯವಹಾರ ಮಾಡುವುದೂ ಇಲ್ಲ, ಯಾರಿಗೂ ಅಧಿಕಾರ ಕೊಟ್ಟೂ ಇಲ್ಲ ಎಂದು ರಿಸರ್ವ್ ಬ್ಯಾಂಕು 2021ರ ಆಗಸ್ಟಿನಲ್ಲಿಯೇ ಎಚ್ಚರಿಸಿದೆ. ಈಗಾಗಲೇ ಹಣ ಕಳಿಸಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಎಷ್ಟು ಬೇಗ ಕರೆದರೆ ಹಣ ತಡೆಹಿಡಿಯುವ ಅವಕಾಶ ಅಷ್ಟು ಹೆಚ್ಚು.

ಪ್ರಶ್ನೆ: ‘ಅಪ್ಪಟ ಚಿನ್ನ’ ಎಂದು ನಂಬಿ ಆನ್‌ಲೈನಿನಲ್ಲಿ ತರಿಸಿದ ನೋಟಿನ ಸೆಟ್‌ನಲ್ಲಿ ಚಿನ್ನವೇ ಇಲ್ಲವೆಂದು ಗೊತ್ತಾಗಿದೆ. ಮಾರಾಟಗಾರರು ಹಣ ಹಿಂದಿರುಗಿಸಲು ಒಪ್ಪುತ್ತಿಲ್ಲ. ಅವರು ಬೇರೆ ರಾಜ್ಯದವರು. ದೂರು ಕೊಡಲು ಅಲ್ಲಿಗೇ ಹೋಗಬೇಕೇ?
— ಶಹಾಪುರ, ಯಾದಗಿರಿ ಜಿಲ್ಲೆ

ಉತ್ತರ: ಹೋಗಬೇಕಾಗಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸವಾಗಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ದೂರು ದಾಖಲಿಸಬಹುದು, ವಸ್ತುವಿಗೆ ಕೊಟ್ಟ ಹಣ ಐದು ಲಕ್ಷ ರೂಪಾಯಿಯೊಳಗಿದ್ದರೆ ಅದಕ್ಕೆ ಶುಲ್ಕವಿಲ್ಲ. ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು. ಮೊದಲು ಮಾರಾಟದ ತಾಣದ ದೂರು ಅಧಿಕಾರಿಗೆ ಬರೆಯಿರಿ. 2020ರ ಇ-ಕಾಮರ್ಸ್ ನಿಯಮಗಳಂತೆ ಅವರು 48 ಗಂಟೆಗಳೊಳಗೆ ದೂರು ತಲುಪಿದ್ದನ್ನು ಒಪ್ಪಿಕೊಂಡು ಒಂದು ತಿಂಗಳೊಳಗೆ ಪರಿಹಾರ ಕೊಡಬೇಕು. ಅದಕ್ಕೂ ಬಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಕೊನೆಯಲ್ಲಿ ಆಯೋಗಕ್ಕೆ ಹೋಗಿ.

ನಿಮ್ಮ ದೂರಿನ ಬಲವೆಲ್ಲ ಜಾಹೀರಾತಿನ ಪದಗಳ ಮೇಲೆ ನಿಂತಿದೆ. ‘ಚಿನ್ನದ ಬಣ್ಣದ ಅಲಂಕಾರಿಕ ನೋಟು’ ಎಂದೇ ಬರೆದಿದ್ದರೆ ನೀವು ಗೆಲ್ಲುವುದು ಕಷ್ಟ. ‘24 ಕ್ಯಾರೆಟ್ ಚಿನ್ನದಿಂದ ಮಾಡಿದ್ದು’ ಎಂದಿದ್ದರೆ ವಾದ ನಿಮ್ಮ ಕಡೆಗಿದೆ. ಆದ್ದರಿಂದ ಮಾರಾಟದ ಪುಟವನ್ನು ಅವರು ಬದಲಿಸುವ ಮುನ್ನ ಅದರ ಚಿತ್ರವನ್ನು ಇಂದೇ ಮೊಬೈಲಿನಲ್ಲಿ ಉಳಿಸಿಕೊಳ್ಳಿ, ಬಿಲ್ಲು ಮತ್ತು ಪಾರ್ಸೆಲ್ಲಿನ ಚೀಟಿಯನ್ನು ಎಸೆಯಬೇಡಿ, ನೋಟುಗಳನ್ನು ಬಂದ ಸ್ಥಿತಿಯಲ್ಲೇ ಇಡಿ. ಮಾನ್ಯತೆ ಪಡೆದ ಪರೀಕ್ಷಾ ಕೇಂದ್ರದಿಂದ ಲಿಖಿತ ವರದಿ ಪಡೆಯಿರಿ; ವರದಿಯಲ್ಲಿ ಶುದ್ಧತೆಯ ಜೊತೆಗೆ ಚಿನ್ನದ ತೂಕವನ್ನೂ ನಮೂದಿಸುವಂತೆ ಮೊದಲೇ ಕೇಳಿಕೊಳ್ಳಿ.